ಬೇಸಿಗೆ ಕೆಲಸದ ಹೆಸರಿನಲ್ಲಿ ನನ್ನ ಮಗನಿಂದ ಮಾಡಿಸಿದ್ದು

ಹತ್ತನೆಯ ತರಗತಿಯ ಪರೀಕ್ಷೆ ಮುಗಿದು ಹನ್ನೊಂದರ ಪ್ರವೇಶ ಆರಂಭವಾಗುವವರೆಗೆ ಮುಂಬಯಿಯ ಮಕ್ಕಳಿಗೆ ಎರಡು ಮೂರು ತಿಂಗಳ ಬಿಡುವು ಸಿಗುತ್ತದೆ. ಕಳೆದ ವರ್ಷ ಇದೇ ಬಿಡುವಿನಲ್ಲಿ, ಡೊಂಬಿವಲಿಯಲ್ಲಿರುವ ನಮ್ಮ ಮನೆಯ ಹದಿನೈದು ವರ್ಷದ ಹುಡುಗ ‘ಬೇಸಿಗೆ ಉದ್ಯೋಗ ಮತ್ತು ಕರಿಯರ್ ತಯಾರಿ’ ಎಂಬ ಆರು ವಾರಗಳ ಕಾರ್ಯಕ್ರಮಕ್ಕೆ ಸೇರಿ, ನಮ್ಮ ಹಣ ಹೋದದ್ದಲ್ಲದೆ, ತನ್ನ ಇಬ್ಬರು ಗೆಳೆಯರ ಮನೆಯವರೂ ಹಣ ಕಳೆದುಕೊಳ್ಳುವುದಕ್ಕೆ ಕಾರಣನಾದ. ಅಂಥದೇ ಸಂದೇಶಗಳು ಈ ವರ್ಷವೂ ನಮ್ಮ ಕನ್ನಡ ಬಳಗಗಳ ವಾಟ್ಸಾಪ್ ಗುಂಪುಗಳಲ್ಲಿ ಬರತೊಡಗಿರುವುದರಿಂದ, ನಡೆದದ್ದನ್ನು ಮರೆಮಾಚದೆ ಬರೆಯುತ್ತಿದ್ದೇನೆ.

ಎಳೆಯ ವಯಸ್ಸಿನಲ್ಲಿ ದುಡಿಯುವುದು ನಮ್ಮ ಮನೆಯಲ್ಲಿ ಅವಮಾನದ ಮಾತಲ್ಲ. ನನ್ನ ತಂದೆ ಕುಂದಾಪುರದ ಕಡೆಯಿಂದ ಬಂದು, ಮುಂಬಯಿಯ ಫೋರ್ಟ್ ಪ್ರದೇಶದ ಹೋಟೆಲೊಂದರಲ್ಲಿ ಹಗಲು ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದವರು. ಈ ಊರಿನ ಎಷ್ಟೋ ಕನ್ನಡ ಮನೆಗಳ ಕಥೆ ಅದೇ. ಆದ್ದರಿಂದ ಮಗ ಕೆಲಸ ಕಲಿಯುತ್ತೇನೆಂದಾಗ ನನಗೆ ಹೆಮ್ಮೆಯಾಯಿತು, ಆ ಹೆಮ್ಮೆಯಲ್ಲಿ ಕೇಳಲೇಬೇಕಾದ ಪ್ರಶ್ನೆಯನ್ನು ಕೇಳದೆ ಹೋದೆ. ಹೋಟೆಲಿನ ಧಣಿ ಅಪ್ಪನಿಗೆ ಊಟ, ಮಲಗಲು ಜಾಗ, ಅಷ್ಟಿಷ್ಟು ಸಂಬಳ ಕೊಟ್ಟಿದ್ದರೇ ಹೊರತು ಸೇರಿಸಿಕೊಳ್ಳುವುದಕ್ಕೆಂದು ಒಂದು ಪೈಸೆ ಪಡೆದಿರಲಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿಗೆ ಹೋಗುವವರಿಗೂ ಸ್ಟೈಪೆಂಡ್ ಕೊಡುವುದು ಉದ್ಯೋಗದಾತನ ಹೊಣೆಯೇ. ಇಲ್ಲಿಯಾದರೋ ಕೆಲಸ ಕೊಡುತ್ತೇವೆಂದವರು ಹುಡುಗನಿಂದಲೇ 12,500 ರೂಪಾಯಿ ಶುಲ್ಕ ಮತ್ತು 3,000 ರೂಪಾಯಿ ಠೇವಣಿ ಕೇಳಿದರು. ನಾನು ಕೊಟ್ಟೆ.

ಠಾಣೆ ನಿಲ್ದಾಣದ ಸಮೀಪದ ಅವರ ಕಚೇರಿಯ ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ‘ಉದ್ಯಮ್’ ನೋಂದಣಿ ಪತ್ರವಿತ್ತು. ಅದನ್ನು ತೋರಿಸಿ ಸರ್ಕಾರದ ಮಾನ್ಯತೆ ಎಂದರು. 2020ರ ಜುಲೈಯಿಂದ ಜಾರಿಯಲ್ಲಿರುವ ಆ ನೋಂದಣಿಯನ್ನು ಸಣ್ಣ ಉದ್ದಿಮೆಯವರು ತಮ್ಮದೇ ಘೋಷಣೆಯ ಆಧಾರದ ಮೇಲೆ, ಶುಲ್ಕವಿಲ್ಲದೆ, ಆನ್‌ಲೈನಿನಲ್ಲಿ ಪಡೆಯುತ್ತಾರೆ. ಅಲ್ಲೊಂದು ಉದ್ದಿಮೆ ಇದೆ ಎನ್ನುವುದಕ್ಕಿಂತ ಹೆಚ್ಚೇನನ್ನೂ ಅದು ಹೇಳುವುದಿಲ್ಲ. ಅಲ್ಲಿ ಕಲಿಸುವ ಪಾಠಕ್ಕೂ ಅದಕ್ಕೂ ಸಂಬಂಧವಿಲ್ಲ. ಕೌಶಲ ಶಿಕ್ಷಣದ ಮಾನ್ಯತೆಯನ್ನು ನೋಡಿಕೊಳ್ಳುವುದು ಎನ್‌ಸಿವಿಇಟಿ ಎಂಬ ಬೇರೆಯೇ ಸಂಸ್ಥೆ ಎಂಬುದು ನನಗೆ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು.

ಮೊದಲ ವಾರ ರೆಸ್ಯೂಮೆ ಬರೆಯುವುದು, ಸಂದರ್ಶನದಲ್ಲಿ ಮಾತನಾಡುವುದು ಇತ್ಯಾದಿ ನಡೆಯಿತು. ಎರಡನೆಯ ವಾರ ‘ಫೀಲ್ಡ್ ಟ್ರೇನಿಂಗ್’ ಎಂದು ಹೇಳಿ, ಪ್ರತಿಯೊಬ್ಬ ಹುಡುಗನಿಂದಲೂ ಇಪ್ಪತ್ತೈದು ಪರಿಚಿತರ ಹೆಸರುಗಳನ್ನು ಮೊಬೈಲ್ ಸಂಖ್ಯೆಯೊಂದಿಗೆ ಬರೆಸಿಕೊಂಡರು. ಅಲ್ಲಿಂದ ಮುಂದೆ ಮಕ್ಕಳ ‘ಕೆಲಸ’ವೆಂದರೆ ಆ ಪಟ್ಟಿಯಲ್ಲಿದ್ದವರಿಗೆ ಕರೆ ಮಾಡಿ ಅದೇ ಕಾರ್ಯಕ್ರಮಕ್ಕೆ ಸೇರಿಸುವುದು, ಸೇರಿದವರೊಬ್ಬರಿಗೆ 1,500 ರೂಪಾಯಿಯಂತೆ ಸಿಗುವುದೇ ಸ್ಟೈಪೆಂಡ್. ಮಗನ ಪಟ್ಟಿಯನ್ನು ನಾನು ಆಮೇಲೆ ನೋಡಿದೆ: ನನ್ನ ತಂಗಿಯ ಮಗಳು, ಕಟ್ಟಡದ ಹುಡುಗರು, ಭಾನುವಾರದ ಯಕ್ಷಗಾನ ತರಗತಿಯ ಜೊತೆಗಾರರು. ಹಣ ಕೊಟ್ಟು ಸೇರಿ, ಇನ್ನೊಬ್ಬರನ್ನು ಸೇರಿಸಿ ಹಣ ಪಡೆಯುವ ಯೋಜನೆಗಳನ್ನು ನಿಷೇಧಿಸುವ ಕಾಯ್ದೆ ನಮ್ಮ ದೇಶದಲ್ಲಿ 1978ರಿಂದಲೇ ಇದೆ. ಆದರೆ ಅಪರಿಚಿತನೊಬ್ಬ ಕರೆ ಮಾಡಿದರೆ ಹತ್ತು ಪ್ರಶ್ನೆ ಕೇಳುವ ನಮ್ಮ ಜನ, ಊರಿನ ಕಡೆಯವರ ಮಗ, ಕಣ್ಣೆದುರೇ ಬೆಳೆದ ಹುಡುಗ ಕರೆದರೆ ಒಂದನ್ನೂ ಕೇಳುವುದಿಲ್ಲ. ಪರವೂರಿನಲ್ಲಿ ನಾವು ಮೂರು ತಲೆಮಾರಿನಿಂದ ಕೂಡಿಟ್ಟ ಆ ನಂಬಿಕೆಯನ್ನೇ ಅವರು ಒಂದು ಮಗುವಿನ ಕೈಯಿಂದ ಮಾರಿಸಿದರು. 12,500 ರೂಪಾಯಿಗಿಂತ ನನಗೆ ನೋವಾದದ್ದು ಇದಕ್ಕೆ.

ಅವನ ಹಾಜರಿ ಬೆಳಿಗ್ಗೆ ಹನ್ನೊಂದರಿಂದ ರಾತ್ರಿ ಎಂಟರವರೆಗೆ. ಕಿಕ್ಕಿರಿದ ಲೋಕಲ್ ಹಿಡಿದು ಮನೆಗೆ ಬರುವಾಗ ಒಂಬತ್ತೂವರೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯ ಪ್ರಕಾರ, 14ರಿಂದ 18 ವರ್ಷದವರನ್ನು ವಿರಾಮವೂ ಸೇರಿ ದಿನಕ್ಕೆ ಆರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಸಂಜೆ ಏಳರಿಂದ ಬೆಳಿಗ್ಗೆ ಎಂಟರ ನಡುವೆ ದುಡಿಸುವಂತೆಯೇ ಇಲ್ಲ. ಇದನ್ನು ಎತ್ತಿದಾಗ ಅವರು, ನಿಮ್ಮ ಮಗ ಕೆಲಸಗಾರನಲ್ಲ, ವಿದ್ಯಾರ್ಥಿ ಎಂದರು. ವಿದ್ಯಾರ್ಥಿಯಾದರೆ ಪಾಠವೆಲ್ಲಿ ಎಂದು ಕೇಳಿದಾಗ, ಕೆಲಸವೇ ಪಾಠ ಎಂದರು.

ಹಣ ವಾಪಸು ಕೇಳಿದಾಗ ತೋರಿಸಿದ್ದು, ಶುಲ್ಕವನ್ನು ಹಿಂದಿರುಗಿಸಲಾಗದೆಂಬ ಷರತ್ತಿಗೆ ಮಗ ತನ್ನ ಮೊಬೈಲಿನಲ್ಲಿ ಓಟಿಪಿ ಒತ್ತಿ ಕೊಟ್ಟ ಒಪ್ಪಿಗೆಯನ್ನು. ಅದರಲ್ಲಿ ನನ್ನ ಸಹಿ ಇರಲಿಲ್ಲ. ಹದಿನೆಂಟು ತುಂಬದವರು ಮಾಡಿಕೊಂಡ ಕರಾರು ಊರ್ಜಿತವಲ್ಲವೆಂದು, ಬ್ರಿಟಿಷರ ಕಾಲದಲ್ಲಿ ನಮ್ಮ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1903ರಲ್ಲಿಯೇ ತೀರ್ಪು ಕೊಟ್ಟಿದೆ. ಇಂಥ ಕಾಗದವನ್ನು ಮುಂದಿಟ್ಟು ಹೆದರಿಸಿದರೆ ದಯವಿಟ್ಟು ಹಿಂದೆ ಸರಿಯಬೇಡಿ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಠೇವಣಿಯಷ್ಟೇ ಮರಳಿತು. ಶುಲ್ಕಕ್ಕಾಗಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿದ್ದೇನೆ. 2019ರ ಕಾಯ್ದೆಯಂತೆ ನಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಆಯೋಗದ ಶುಲ್ಕವೂ ಇಲ್ಲ. ಪಾವತಿಯ ರಸೀದಿ, ವಾಟ್ಸಾಪ್ ಸಂದೇಶ, ಜಾಹೀರಾತಿನ ಚಿತ್ರ ಯಾವುದನ್ನೂ ಅಳಿಸಬೇಡಿ. ನನ್ನ ದೂರು ನಿಂತಿರುವುದು ಅವುಗಳ ಮೇಲೆಯೇ. ಆಧಾರ್ ಕೇಳಿದರೆ ಕೊನೆಯ ನಾಲ್ಕು ಅಂಕೆಗಳು ಮಾತ್ರ ಕಾಣುವ ಮಾಸ್ಕ್ಡ್ ಪ್ರತಿಯನ್ನು ಕೊಡಿ. ನಾನು ಪೂರ್ತಿ ಪ್ರತಿ ಕೊಟ್ಟಿದ್ದೆ.

ಇಬ್ಬರು ಗೆಳೆಯರ ಮನೆಗೂ ಮಗನನ್ನು ಕರೆದುಕೊಂಡು ಹೋಗಿ ಅವರು ಕಟ್ಟಿದ ಶುಲ್ಕವನ್ನು ನಾನೇ ಕೊಟ್ಟು ಬಂದೆ. ಒಂದು ಮನೆಯವರು ಚಹಾ ಕೊಟ್ಟು ಕೂರಿಸಿ ಮಾತನಾಡಿದರು, ಇನ್ನೊಂದು ಮನೆಯವರು ಬಾಗಿಲಲ್ಲಿಯೇ ಹಣ ಪಡೆದರು. ಮಗ ಯಕ್ಷಗಾನ ತರಗತಿಗೆ ಹೋಗುವುದನ್ನು ನಿಲ್ಲಿಸಿದ್ದಾನೆ. ಇಪ್ಪತ್ತೈದು ಹೆಸರುಗಳ ಆ ಪಟ್ಟಿ ಮಾತ್ರ ಅವರ ಬಳಿಯೇ ಉಳಿದಿದೆ. ಈ ಸಲ ಹತ್ತನೆಯ ತರಗತಿಯ ಪರೀಕ್ಷೆ ಬರೆದ ನನ್ನ ತಂಗಿಯ ಮಗಳಿಗೆ ಕಳೆದ ವಾರ ಒಂದು ಕರೆ ಬಂದಿತು. ಕರೆ ಮಾಡಿದವರು ಮೊದಲು ಹೇಳಿದ್ದು ನನ್ನ ಮಗನ ಹೆಸರನ್ನು.