ನಂದಿ ಬೆಟ್ಟದಲ್ಲಿ ಸಿಕ್ಕಿದ ಕಡಲ ಶಂಖ ಅಂದರೆ ನಂಬಬೇಡಿ

ಚಿಕ್ಕಬಳ್ಳಾಪುರದ ವಸ್ತುಪ್ರದರ್ಶನದಲ್ಲಿ ಅಕ್ಕನ ಮಗ ಸೈನ್ಸ್ ಪ್ರಾಜೆಕ್ಟ್‌ಗೆ ಅಂತ ಕೂಡಿಟ್ಟ ದುಡ್ಡಲ್ಲಿ 1,800 ರೂಪಾಯಿ ಕೊಟ್ಟು ಒಂದು ಪಳೆಯುಳಿಕೆ ತಂದ. ಜೊತೆಗಿದ್ದ ಚೀಟಿಯಲ್ಲಿ ‘ಕ್ಯಾಂಪನೀಲೆ ಜೈಗ್ಯಾಂಟಿಯಮ್, ಅಳಿದುಹೋದ ಕಡಲ ಬಸವನಹುಳು, ನಂದಿ ಬೆಟ್ಟದಲ್ಲಿ ಸಿಕ್ಕಿದ್ದು’ ಅಂತಿತ್ತು. ಅದು ಪೂರ್ತಿ ನಕಲಿ.

ಹೆಸರು ಮಾತ್ರ ನಿಜ. ಜನ ನಂಬೋದು ಅದಕ್ಕೇ. ಈ ಬಸವನಹುಳು 4 ಕೋಟಿ ವರ್ಷಕ್ಕೂ ಹಿಂದೆ, ಈಯೋಸೀನ್ ಕಾಲದಲ್ಲಿ, ಈಗಿನ ಪ್ಯಾರಿಸ್ ಸುತ್ತಮುತ್ತ ಇದ್ದ ಬೆಚ್ಚಗಿನ ಕಡಲಲ್ಲಿ ಬದುಕಿತ್ತು. 1804ರಲ್ಲಿ ಫ್ರೆಂಚ್ ಜೀವವಿಜ್ಞಾನಿ ಲಾಮಾರ್ಕ್ ಇದನ್ನು ಸೆರಿಥಿಯಮ್ ಕುಲಕ್ಕೆ ಸೇರಿಸಿದ್ದ. ಆಮೇಲೆ ಕ್ಯಾಂಪನೀಲೆ ಅಂತ ಬೇರೆ ಕುಲ ಮಾಡಿದರು. ಆ ಕುಲದಲ್ಲಿ ಈಗ ಬದುಕಿರೋದು ಒಂದೇ ಪ್ರಭೇದ, ಅದೂ ಆಸ್ಟ್ರೇಲಿಯಾದ ನೈಋತ್ಯ ಕರಾವಳಿಯಲ್ಲಿ.

ನಂದಿ ಬೆಟ್ಟದ ಗ್ರಾನೈಟ್‌ಗೆ 200 ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸು. ಆಗ ಭೂಮಿ ಮೇಲೆ ಬಸವನಹುಳುವೇ ಇರಲಿಲ್ಲ. ನೆಲದಾಳದಲ್ಲಿ ಕರಗಿದ ಕಲ್ಲು ಗಟ್ಟಿಯಾಗಿ ಆದದ್ದು ಅದು, ಅದರೊಳಗೆ ಚಿಪ್ಪು ಸೇರೋದು ಹೇಗೆ? ಕೋಲಾರದಲ್ಲಿ ಸಿಕ್ಕಿದ್ದು ಅಂದರೂ ಇದೇ ಮಾತು.

ನಿಜವಾದ ಚಿಪ್ಪು ಗೋಪುರದ ಹಾಗೆ ಉದ್ದ, ಒಂದಡಿಗೂ ಮೀರಿ ಬೆಳೆಯುತ್ತದೆ. ಒಂದರ ಮೇಲೊಂದು ತುಂಬಾ ಸುತ್ತು, ಸುತ್ತು ಸೇರುವ ಗೆರೆಯ ಕೆಳಗೆ ಗಂಟುಗಳ ಸಾಲು. ಪ್ರಾಣಿ ಬೆಳೆದ ಹಾಗೆ ಮೂಡಿದ ಸಣ್ಣ ಗೆರೆಗಳೂ ಇರುತ್ತವೆ. ಒಳಗೆ ನಡುವೆ ಒಂದು ಕಂಬ, ಅದಕ್ಕೆ ಸುತ್ತಿಕೊಂಡ ಏಣು. ನಮ್ಮ ಹುಡುಗನದನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದೆ. ಕಂಬವೂ ಇಲ್ಲ, ಸುತ್ತೂ ಇಲ್ಲ. ಬರೀ ಬಿಳಿ ಪ್ಲಾಸ್ಟರ್, ಅದರ ತುಂಬ ಗಾಳಿಗುಳ್ಳೆಯ ತೂತು. ಹೊರಗೆ ಪಕ್ಕದಲ್ಲಿ ಅಚ್ಚಿನ ಗೆರೆಯನ್ನು ಉಜ್ಜಿ ಬಣ್ಣ ಬಳಿದಿದ್ದರು.

ಸ್ಟಾಲಿಗೆ ಹೋಗಿ ಉಳಿದವನ್ನೂ ಕೈಗೆತ್ತಿಕೊಂಡು ನೋಡಿದೆ. ಕೆಳಗಿಂದ ಮೂರನೇ ಸುತ್ತಿನಲ್ಲಿ ಒಂದು ಗಂಟು ಮುರಿದಿದೆ. ಎಲ್ಲದರಲ್ಲೂ ಅದೇ ಗಂಟು, ಅದೇ ಜಾಗದಲ್ಲಿ! ಕೇಳಿದರೆ, "ಪ್ರಕೃತಿ ಹಾಗೇ ಸಾರ್, ಒಂದೇ ಜಾತಿ ಅಲ್ವಾ" ಅಂದ ಸ್ಟಾಲಿನವನು. ಬಿಲ್ ಕೊಟ್ಟಿರಲಿಲ್ಲ, ದುಡ್ಡೂ ವಾಪಸ್ ಕೊಡಲಿಲ್ಲ. ಹುಡುಗ ಪಕ್ಕದಲ್ಲೇ ನಿಂತಿದ್ದ. ನನಗೆ ಹೊಟ್ಟೆ ಉರಿದದ್ದು ಅದಕ್ಕೆ.

ಕೆಲವರು ವಿನೆಗರ್ ಹಾಕಿ ನೊರೆ ಬಂದರೆ ಅಸಲಿ ಅಂತಾರೆ. ಅದನ್ನೇ ನೆಚ್ಚಿಕೊಳ್ಳಬೇಡಿ, ಸುಣ್ಣಕಲ್ಲಿನ ಪುಡಿ ಬೆರೆಸಿದ್ದರೂ ನೊರೆ ಬರುತ್ತದೆ. ಯಾವ ಊರಿನ ಯಾವ ಕಲ್ಲಿನ ಪದರದಿಂದ ತೆಗೆದದ್ದು ಅಂತ ಬಿಲ್ಲಿನಲ್ಲಿ ಬರೆದುಕೊಡೋಕೆ ಹೇಳಿ. ಎರಡು ಪೀಸ್ ಪಕ್ಕಪಕ್ಕ ಇಟ್ಟು ನೋಡಿ. ಆ ಸ್ಟಾಲು ಈಗ ಚಿಂತಾಮಣಿ ಕಡೆ ಹೋಗಿದೆಯಂತೆ, ಆ ಕಡೆಯ ಮೇಷ್ಟ್ರುಗಳಿಗೆ ದಯವಿಟ್ಟು ತಿಳಿಸಿ.