ನಾಲ್ಕು ವರ್ಷ ಬಳಸಿದ ಹೆಡ್ ಟಾರ್ಚ್: ಕೆಟ್ಟಿದ್ದು ಟಾರ್ಚ್ ಅಲ್ಲ, ಸೆಲ್

ಸಕಲೇಶಪುರದ ಹತ್ತಿರ ನಮ್ಮದು ಸಣ್ಣ ರೊಬಸ್ಟಾ ಕಾಫಿ ತೋಟ. ಫೆಬ್ರವರಿ, ಮಾರ್ಚಲ್ಲಿ ಹೂವಿಗೆ ನೀರು ಹೊಡೆಯುವಾಗ ತ್ರೀ ಫೇಸ್ ಕರೆಂಟ್ ರಾತ್ರಿ ಬಂದರೆ ರಾತ್ರಿಯೇ ಹೋಗಬೇಕು. ಸ್ಪ್ರಿಂಕ್ಲರ್ ಪೈಪು ಬಿಚ್ಚಿ ಹಾಕಲು ಎರಡೂ ಕೈ ಬೇಕು, ಅಲ್ವಾ? ಅದಕ್ಕೇ 2021ರಲ್ಲಿ 850 ರೂಪಾಯಿ ಕೊಟ್ಟು ಚಾರ್ಜ್ ಆಗುವ ಹೆಡ್ ಟಾರ್ಚ್ ತಂದೆ. ಈ ಕಡೆ ಆನೆ ಓಡಾಟ ಜಾಸ್ತಿ. ತೋಟದ ನಡುವೆ ದೀಪ ಆರಿದರೆ ಎದೆ ಝಲ್ ಅನ್ನುತ್ತದೆ.

ಮೊದಲ ಎಂಟು ತಿಂಗಳು ಏನೂ ತೊಂದರೆ ಇಲ್ಲ. ಆಮೇಲೆ ಅರ್ಧ ಗಂಟೆಗೇ ಮಂಕಾಗತೊಡಗಿತು. ಚಾರ್ಜರಿನಲ್ಲಿ ಹಸಿರು ದೀಪ ಬರುತ್ತದೆ, ತಲೆಗೆ ಕಟ್ಟಿ ಹೊರಟರೆ ಮೋಟರ್ ಶೆಡ್ ಮುಟ್ಟುವಷ್ಟರಲ್ಲಿ ಮುಗಿಯಿತು. ಹೊಸದೇ ತಗೊಳ್ಳಿ ಅಂದರು ಅಂಗಡಿಯವರು.

ಸೆಲ್ ತೆಗೆದು ನೋಡಿದೆ. 18650 ಅಂತ ಕರೆಯುವ ಲಿಥಿಯಂ ಸೆಲ್ ಅದು: 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಮೇಲೆ 6800 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಅಂತ ಅಚ್ಚು ಹಾಕಿದ್ದರು. ಒಳ್ಳೆಯ ಕಂಪನಿಯ ಸೆಲ್ಲುಗಳೇ ಸಾಮಾನ್ಯವಾಗಿ 3500ರ ಆಸುಪಾಸಿಗೆ ನಿಲ್ಲುತ್ತವೆ. ಕಾಫಿ ವ್ಯಾಪಾರಿಯೊಬ್ಬರ ಹತ್ತಿರ ಔಟರ್ನ್, ಅಂದರೆ ಒಣಗಿದ ಕಾಫಿಯಲ್ಲಿ ಎಷ್ಟು ಬೀಜ ಸಿಗುತ್ತದೆ ಅಂತ, ನೋಡುವ ಸಣ್ಣ ತಕ್ಕಡಿ ಇತ್ತು. ಅದರ ಮೇಲೆ ಇಟ್ಟರೆ 27 ಗ್ರಾಂ! ಅಸಲಿ ಸೆಲ್ 45 ಗ್ರಾಂ ಹತ್ತಿರ ತೂಗಬೇಕು. ಅಂದಿನಿಂದ ಅಚ್ಚು ಹಾಕಿದ ಅಂಕಿ ನಾನು ಓದುವುದೇ ಇಲ್ಲ, ತೂಕ ನೋಡುತ್ತೇನೆ. ಹಾಸನದಿಂದ 2600ರ ಎರಡು ಅಸಲಿ ಸೆಲ್ ತರಿಸಿದೆ. ಅದೇ ಟಾರ್ಚ್ ಈಗ ದೊಡ್ಡ ಬೆಳಕಿನಲ್ಲೂ ಮೂರು ಗಂಟೆ ಮೇಲೆ ಬರುತ್ತದೆ.

ಎರಡನೇ ಮಳೆಗಾಲದಲ್ಲಿ ಬೇರೆ ಕಾಟ ಶುರುವಾಯಿತು. ತಲೆ ಅಲ್ಲಾಡಿಸಿದರೆ ದೀಪ ಮಿಣುಕುತ್ತಿತ್ತು. ಸೆಲ್ ಡಬ್ಬಿಯ ಮುಚ್ಚಳ ತೆಗೆದು ಬೆಳಕಿಗೆ ಹಿಡಿದೆ. ಸ್ಪ್ರಿಂಗಿನ ತುದಿಯಲ್ಲಿ, ಸೆಲ್ ತಾಗುವ ಜಾಗದಲ್ಲೇ, ಕಂದು ಬಣ್ಣದ ಸಣ್ಣ ಉಂಗುರದಂತೆ ತುಕ್ಕು. ಮಕ್ಕಳ ರಬ್ಬರ್ ತಗೊಂಡು ಲೋಹ ಹೊಳೆಯುವ ತನಕ ಉಜ್ಜಿ, ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒರೆಸಿ, ಪೂರ್ತಿ ಒಣಗಿಸಿದೆ. ಸ್ಪ್ರಿಂಗನ್ನು ಒಂಚೂರು ಎಳೆದು ಉದ್ದ ಮಾಡಿದೆ. ಸರಿಹೋಯಿತು. ಮಲೆನಾಡಿನ ಥಂಡಿಗೆ ವರ್ಷಕ್ಕೆ ಎರಡು ಸಲ ಈ ಕೆಲಸ ಬೇಕೇ ಬೇಕು.

ಟಾರ್ಚ್ ಹತ್ತದಿದ್ದರೆ ನಾನು ಮೊದಲು ಇನ್ನೊಂದು ಸೆಲ್ ಹಾಕಿ ನೋಡುತ್ತೇನೆ. ಹತ್ತಿದರೆ ತಪ್ಪು ಸೆಲ್ಲಿನದು. ಮೀಟರ್ ಇಟ್ಟರೆ ತುಂಬಿದ ಸೆಲ್ 4.2 ವೋಲ್ಟ್ ತೋರಿಸಬೇಕು. ಒಂದು ರಾತ್ರಿ ಸುಮ್ನೆ ಇಟ್ಟರೂ ಚೆನ್ನಾಗಿ ಇಳಿದಿದ್ದರೆ ಅದರ ಆಯುಸ್ಸು ಮುಗಿಯಿತು. 2.5ಕ್ಕಿಂತ ಕೆಳಗೆ ಹೋಗಿದ್ದನ್ನು ಮತ್ತೆ ಚಾರ್ಜಿಗೆ ಹಾಕುವುದೇ ಇಲ್ಲ. ಬೆಂಕಿಯ ವಿಷಯ, ಹುಡುಗಾಟ ಬೇಡ.

ಬೆಂಕಿ ಅಂದಾಗ ಒಂದು ಮಾತು ಹೇಳಲೇಬೇಕು. ಈ ಸೆಲ್ಲಿನ ಮೈಯೆಲ್ಲ ಮೈನಸ್, ಮೇಲಿನ ಗುಂಡಿಯಷ್ಟೇ ಪ್ಲಸ್. ನಡುವೆ ಇರುವುದು ಕೂದಲೆಳೆಯಷ್ಟು ಅಂತರ, ಅದನ್ನು ಕಾಯುವುದು ತೆಳು ಪ್ಲಾಸ್ಟಿಕ್ ಹೊದಿಕೆ. ನಮ್ಮ ತೋಟದ ಹುಡುಗ ಹೊದಿಕೆ ಹರಿದ ಸೆಲ್ಲನ್ನು ಬೀಗದ ಕೈ ಜೊತೆ ಜೇಬಿಗೆ ಹಾಕಿಕೊಂಡಿದ್ದ. ಸ್ವಲ್ಪ ಹೊತ್ತಿಗೇ ಕಿರುಚಿ ಪ್ಯಾಂಟಿನಿಂದ ತೆಗೆದು ಎಸೆದ. ತೊಡೆ ಮೇಲೆ ಬೊಬ್ಬೆ ಬಂದಿತ್ತು. ಪಾಪ, ಒಂದು ವಾರ ಕೆಲಸಕ್ಕೆ ಬರಲಿಲ್ಲ. ಈಗ ಬಿಡಿ ಸೆಲ್ ಒಯ್ಯಬೇಕಾದರೆ ಪ್ಲಾಸ್ಟಿಕ್ ಡಬ್ಬಿಯಲ್ಲೇ. ಹೊದಿಕೆ ಹರಿದದ್ದನ್ನು ಯಾರಿಗೂ ಬಳಸಲು ಬಿಡುವುದಿಲ್ಲ. ಹಳೇ ಸೆಲ್ಲನ್ನು ಒಲೆಗೆ, ಕಸದ ಗುಂಡಿಗೆ ಹಾಕಬೇಡಿ ಅಂತ ಲೈನ್ ಮನೆಯಲ್ಲಿರುವ ತೋಟದ ಕೆಲಸದವರಿಗೆಲ್ಲ ಹೇಳಿದ್ದೇನೆ. ತುದಿಗೆ ಟೇಪ್ ಸುತ್ತಿ ಕೂಡಿಟ್ಟು, ಹಾಸನಕ್ಕೆ ಹೋದಾಗ ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡುತ್ತೇನೆ.

ಜೂನ್‌ನಿಂದ ಟಾರ್ಚಿಗೆ ಕೆಲಸ ಕಡಿಮೆ. ಆಗ ಎರಡನೇ ಸೆಲ್ಲನ್ನು ಪೂರ್ತಿ ತುಂಬಿಸದೆ ಅರ್ಧ ಚಾರ್ಜಿನಲ್ಲಿ ಹೊರತೆಗೆದು ಒಣ ಡಬ್ಬಿಯಲ್ಲಿ ಇಡುತ್ತೇನೆ. ತುಂಬಿಸಿ ಇಟ್ಟರೆ ಬೇಗ ಸೊರಗುತ್ತದೆ. ರಾತ್ರಿ ಮಲಗಿದ ಮೇಲೆ ಚಾರ್ಜಿಗೆ ಹಾಕುವ ಅಭ್ಯಾಸ ಮನೆಯಲ್ಲಿ ಎಲ್ಲರೂ ಬಿಟ್ಟಿದ್ದೇವೆ.

ಟಾರ್ಚಿನದೇ ದೂರು ಅಂದರೆ ಎರಡು. ಚಾರ್ಜಿಂಗ್ ತೂತು ಮೂರನೇ ವರ್ಷಕ್ಕೆ ಸಡಿಲವಾಯಿತು, ಈಗ ಸೆಲ್ ತೆಗೆದು ಬೇರೆ ಚಾರ್ಜರಿಗೆ ಹಾಕುತ್ತೇನೆ. ಇಲಾಸ್ಟಿಕ್ ಪಟ್ಟಿ ಬೆವರಿಗೆ ಜೋತುಬಿತ್ತು. ಟೈಲರ್ 40 ರೂಪಾಯಿಗೆ ಹೊಸದು ಹೊಲಿದುಕೊಟ್ಟರು, ಮೊದಲಿನದಕ್ಕಿಂತ ಬಿಗಿಯಾಗಿದೆ.