ವಿಶ್ವವಿದ್ಯಾಲಯದ ಆನ್‌ಲೈನ್ ಉಪನ್ಯಾಸಗಳು: ಪ್ರಶ್ನೋತ್ತರವನ್ನು ಯಾಕೆ ಕತ್ತರಿಸುತ್ತೀರಿ?

ನಾನು ಓದಿದ ವಿಶ್ವವಿದ್ಯಾಲಯದವರು ಹಳೆ ವಿದ್ಯಾರ್ಥಿಗಳಿಗೂ ಸುತ್ತಲಿನ ಜನರಿಗೂ ಅಂತ ಆನ್‌ಲೈನ್ ಉಪನ್ಯಾಸ ನಡೆಸುತ್ತಾರೆ. ಕೊರೊನಾ ಕಾಲದಿಂದ ಕೇಳುತ್ತಾ ಬಂದಿದ್ದೇನೆ. ನಾನಿರುವುದು ಸಿಂಧನೂರಿನಲ್ಲಿ. ಶುಲ್ಕ ಇಲ್ಲ, ಫೋನಿದ್ದರೆ ಸಾಕು. ಪಾಠ ಮಾಡುವವರು ನಿಜವಾಗಿ ಆ ವಿಷಯದಲ್ಲೇ ಕೆಲಸ ಮಾಡಿದ ಪ್ರಾಧ್ಯಾಪಕರು, ಸುಮ್ನೆ ಓದಿ ಹೇಳುವವರಲ್ಲ. ಆದರೆ ನನ್ನ ಪ್ರಕಾರ ಇದರ ನಿಜವಾದ ಲಾಭ ಇರುವುದು ಕೊನೆಯ ಅರ್ಧ ಗಂಟೆಯ ಪ್ರಶ್ನೋತ್ತರದಲ್ಲಿ.

ಸವುಳು ಮಣ್ಣಿನ ಮೇಲಿನ ಉಪನ್ಯಾಸವನ್ನೇ ತಗೊಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ನಮ್ಮ ಕಡೆ ಎರೆ ಭೂಮಿಯಲ್ಲಿ ನೀರು ನಿಲ್ಲಿಸಿ ವರ್ಷಗಟ್ಟಲೆ ಭತ್ತ ಬೆಳೆದಿದ್ದೇವೆ. ನೀರು ಬಸಿದು ಹೋಗದೆ, ಒಳಗಿನ ಉಪ್ಪು ಮೇಲೆ ಬಂದು, ಎಷ್ಟೋ ಹೊಲ ಕೆಟ್ಟಿವೆ. ಪ್ರಾಧ್ಯಾಪಕರು ಇದನ್ನೆಲ್ಲ ಸ್ಲೈಡಿನಲ್ಲಿ ತೋರಿಸಿದರು, ಚೆನ್ನಾಗಿತ್ತು. ಆಮೇಲೆ ಒಬ್ಬ ರೈತರು ಮೈಕ್ ಆನ್ ಮಾಡಿ, "ಸರ್, ಎರಡು ವರ್ಷ ಜಿಪ್ಸಮ್ ಹಾಕೀವ್ರಿ, ಆದ್ರೂ ಪೈರು ಏಳವಲ್ದು" ಅಂದರು. ಪ್ರಾಧ್ಯಾಪಕರು ಮೊದಲು ಮಣ್ಣು ಪರೀಕ್ಷೆಯ ಚೀಟಿ ಓದಿಸಿದರು. ಜಿಪ್ಸಮ್ ಕೆಲಸ ಮಾಡುವುದು ಸೋಡಿಯಂ ಜಾಸ್ತಿ ಇರುವ, ಪಿಎಚ್ (ಹುಳಿ-ಕ್ಷಾರದ ಅಳತೆ) 8.5 ದಾಟಿದ ಕ್ಷಾರ ಮಣ್ಣಿಗೆ. ಪಿಎಚ್ ಅಷ್ಟಿಲ್ಲದೆ ಬರೀ ಉಪ್ಪು ಜಾಸ್ತಿ ಇದ್ದು ಇಸಿ (ಉಪ್ಪಿನಂಶದ ಅಳತೆ) 4 ದಾಟಿದ್ದರೆ ಜಿಪ್ಸಮ್ ಸುರಿದು ಉಪಯೋಗವಿಲ್ಲ, ಒಳ್ಳೆ ನೀರು ಕಟ್ಟಿ ಉಪ್ಪು ಕರಗಿಸಿ ಬಸಿಗಾಲುವೆಯಲ್ಲಿ ಹೊರಗೆ ಕಳಿಸಬೇಕು ಅಂತ ವಿವರಿಸಿದರು. ಆ ರೈತರ ಚೀಟಿಯಲ್ಲಿ ಇದ್ದದ್ದು ಎರಡನೆಯದು. ತಕ್ಷಣ ಇನ್ನೊಬ್ಬರು, "ಆ ನೀರು ಬಾಜೂ ಹೊಲಕ್ಕೆ ಹೋಗ್ತದಲ್ರಿ?" ಅಂತ ಕೇಳಿದರು. ಒಬ್ಬೊಬ್ಬರೇ ಮಾಡಿದರೆ ಜಗಳವೇ ಆಗುತ್ತೆ, ಹಳ್ಳದವರೆಗೂ ಎಲ್ಲರೂ ಸೇರಿ ತೋಡಬೇಕು ಅನ್ನುವ ಮಾತು ಆಗ ಬಂತು. ಇದು ಯಾವ ಸ್ಲೈಡಿನಲ್ಲೂ ಇರಲಿಲ್ಲ.

ಮರುವಾರ ಯೂಟ್ಯೂಬಿಗೆ ಹಾಕಿದ ರೆಕಾರ್ಡಿಂಗ್ ನೋಡಿದರೆ ಆ ಭಾಗವೇ ಇಲ್ಲ! "ಧನ್ಯವಾದಗಳು" ಸ್ಲೈಡಿಗೆ ಮುಗಿದಿದೆ. ನಮ್ಮ ಕಾಕಾ ಆ ದಿನ ನಾಟಿ ಕೆಲಸದಲ್ಲಿದ್ದರು, ಅವರಿಗೆ ತೋರಿಸಬೇಕು ಅಂತಿದ್ದೆ. ಆಗಸ್ಟಿನಲ್ಲಿ ಸಂಜೆ ಫೋನ್ ಹಿಡಿದು ಕೂರಲು ರೈತರಿಗೆ ಎಲ್ಲಿ ಪುರುಸೊತ್ತು ಇರುತ್ತೆ? ಯಾರಿಗೆ ಬೇಕೋ ಅವರಿಗೇ ಸಿಗುತ್ತಿಲ್ಲ. ಎರಡು ಸಲ ಮೇಲ್ ಮಾಡಿದ್ದೇನೆ, "ಪರಿಶೀಲಿಸುತ್ತೇವೆ" ಅಂತ ಉತ್ತರ ಬಂದಿದೆ. ಪ್ರಶ್ನೆ ಕೇಳಿದವರ ಹೆಸರು, ಮುಖ ಬರಬಾರದು ಅನ್ನುವುದು ಕಾರಣವಾದರೆ ಒಪ್ಪುತ್ತೇನೆ, ಅದನ್ನು ಮರೆಮಾಡಿ ದನಿ ಮಾತ್ರ ಇಡಬಹುದು ಅಲ್ವಾ?

ಇತಿಹಾಸದ ಉಪನ್ಯಾಸಗಳಿಗೂ ಇದೇ ಕಥೆ. ಮಸ್ಕಿ ಶಾಸನ 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿತ್ತು, ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ "ದೇವಾನಾಂಪ್ರಿಯ", "ಪ್ರಿಯದರ್ಶಿ" ಅಂತಷ್ಟೇ ಇದ್ದ ರಾಜನ ಅಶೋಕ ಎಂಬ ಹೆಸರು ಅಲ್ಲಿ ಸಿಕ್ಕಿತು, ಇದನ್ನೆಲ್ಲ ಚೆನ್ನಾಗಿ ಹೇಳಿದರು. ಕೊಪ್ಪಳದ ಗವಿಮಠ, ಪಾಲ್ಕಿಗುಂಡಿನ ಅಶೋಕನ ಶಾಸನಗಳ ಬಗ್ಗೆ ಅಲ್ಲಿಯ ಒಬ್ಬ ಶಿಕ್ಷಕಿ ಕೇಳಿದ ಪ್ರಶ್ನೆಗಳು ರೆಕಾರ್ಡಿಂಗ್‌ನಲ್ಲಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದ ಮೇಲೆ ನಡೆದ ಉಪನ್ಯಾಸದ್ದೂ ಹಾಗೇ. ಒಂದು ಗೇಟ್ ಹೋದರೆ ಉಳಿದ ಗೇಟುಗಳನ್ನೂ ಯಾಕೆ ತೆರೆದರು, ಹೂಳು ತುಂಬಿ ಸುಮಾರು 133 ಟಿಎಂಸಿ ಇದ್ದ ಜಲಾಶಯದ ಸಾಮರ್ಥ್ಯ 105ರ ಆಸುಪಾಸಿಗೆ ಹೇಗೆ ಇಳಿಯಿತು ಅಂತ ಜನ ಬಿಡದೆ ಕೇಳಿದ್ದರು.

ಉಳಿದ ತೊಂದರೆಗಳು ಸಣ್ಣವು. ಮಾತು ಕನ್ನಡದಲ್ಲಿದ್ದರೂ ಸ್ಲೈಡ್ ಇಂಗ್ಲಿಷ್‌ನಲ್ಲಿರುತ್ತೆ. ಝೂಮಿನಲ್ಲಿ ನೂರು ಜನ ತುಂಬಿದರೆ ಒಳಗೆ ಬಿಡುವುದಿಲ್ಲ, ಹತ್ತು ನಿಮಿಷ ಮೊದಲೇ ಸೇರಿ. ನೋಂದಣಿಯಲ್ಲಿ ಹಳೆ ವಿದ್ಯಾರ್ಥಿಯ ಕ್ರಮಸಂಖ್ಯೆ ಕೇಳಿದರೆ ಹೆದರಬೇಡಿ, ಕೆಳಗೆ "ಸಾರ್ವಜನಿಕರು" ಅಂತ ಇನ್ನೊಂದು ಆಯ್ಕೆ ಇದೆ, ಅದಕ್ಕೆ ಫೋನ್ ನಂಬರ್ ಸಾಕು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ನೀವು ಸೇರಿದರೆ ಪ್ರಶ್ನೋತ್ತರ ಮುಗಿಯುವವರೆಗೂ ಇರಿ, ಕೊನೆಗೆ ಬರುವ ಅಭಿಪ್ರಾಯದ ಫಾರಂನಲ್ಲಿ ಅದನ್ನೂ ರೆಕಾರ್ಡಿಂಗ್‌ನಲ್ಲಿ ಹಾಕಿ ಅಂತ ದಯವಿಟ್ಟು ಬರೆಯಿರಿ.